ಆಟಿಯ ಮಳೆಯಲ್ಲಿ ಮಲೇರಿಯಾ ಸ್ಮಿಯರ್

ಮಳೆ ಹಿಡಿಯಿತೆಂದರೆ ಮಂಗಳೂರಿನ ನಮ್ಮ ಲ್ಯಾಬಿನ ಬೆಂಚಿನ ಮೇಲೆ ಚಳಿಜ್ವರದವರೇ. ಕಟ್ಟಡ ಕೆಲಸದವರು, ಬಂದರಿನವರು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಂದಿರು. ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದು ಯಂತ್ರವನ್ನಲ್ಲ, ಸ್ಮಿಯರನ್ನು, ಅಂದರೆ ಮಲೇರಿಯಾ ಹುಡುಕಲು ಗಾಜಿನ ಸ್ಲೈಡಿನ ಮೇಲೆ ಹರಡುವ ರಕ್ತದ ಲೇಪವನ್ನು.

ಸ್ಲೈಡಿನಲ್ಲಿ ಜಿಡ್ಡಿರಬಾರದು. ಬೆರಳು ಚುಚ್ಚಿದಾಗ ಬರುವ ಮೊದಲ ಹನಿಯನ್ನು ಒರೆಸಿಬಿಡಿ. ಮುಂದಿನ ಸಣ್ಣ ಹನಿಗೆ ಇನ್ನೊಂದು ಸ್ಲೈಡನ್ನು ಓರೆಯಾಗಿ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡಿದ ಮೇಲೆ ಒಂದೇ ಉಸಿರಿಗೆ ಮುಂದಕ್ಕೆ ತಳ್ಳಿ. ತುದಿ ನಾಲಗೆಯ ಹಾಗೆ ತೆಳ್ಳಗಾಗಬೇಕು. ದಪ್ಪ ಸ್ಮಿಯರ್ ಬೇರೆ ಸ್ಲೈಡಿನಲ್ಲಿರಲಿ. ಅಡಿಯಲ್ಲಿ ಪತ್ರಿಕೆ ಇಟ್ಟರೆ ಅಕ್ಷರ ಕಾಣುವಷ್ಟೇ ದಪ್ಪ ಸಾಕು. ಅದಕ್ಕೆ ಮೆಥನಾಲ್ ಎಂಬ ಮದ್ಯಸಾರ ಸೋಕಬಾರದು.

1880ರ ನವೆಂಬರ್ 6ರಂದು ಅಲ್ಜೀರಿಯದ ಕಾನ್‌ಸ್ಟಂಟೈನ್‌ನಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಮಲೇರಿಯಾದ ಪರಾವಲಂಬಿಯನ್ನು ಕಂಡಾಗ ಅವರ ಬಳಿ ಬಣ್ಣವೇ ಇರಲಿಲ್ಲ. ಹಸಿ ರಕ್ತದಲ್ಲಿ ಎಳೆಗಳು ಮಿಸುಕುವುದನ್ನು ಕಂಡೇ ಗುರುತಿಸಿದರು. ಬಹಳ ಜನ ನಂಬಲಿಲ್ಲ. 1891ರಲ್ಲಿ ರಷ್ಯದ ವೈದ್ಯ ರೊಮನೋವ್‌ಸ್ಕಿ ಇಯೋಸಿನ್ ಮತ್ತು ಮೆಥಿಲೀನ್ ಬ್ಲೂ ಎಂಬ ಬಣ್ಣಗಳನ್ನು ಬೆರೆಸಿ ಅದರ ಕೋಶಕೇಂದ್ರಕ್ಕೆ ಬಣ್ಣ ಹಿಡಿಸಿದರು. 1901ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಲೀಶ್ಮನ್ ಅಂಥ ಬಣ್ಣವನ್ನು ಮೆಥನಾಲಿನಲ್ಲಿ ಕರಗಿಸಿಟ್ಟರು. ನಮ್ಮ ಕಪಾಟಿನ ಸೀಸೆ ಅದೇ.

ತೆಳು ಸ್ಮಿಯರ್ ಪೂರ್ತಿ ಮುಳುಗುವಂತೆ ಲೀಶ್ಮನ್ ಹಾಕಿ ಎರಡು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಮೆಥನಾಲ್ ರಕ್ತಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ಬಳಿಕ ಅದರ ಎರಡರಷ್ಟು ಬಫರ್ ನೀರು, ಅಂದರೆ ಪಿಎಚ್ (ಆಮ್ಲ-ಕ್ಷಾರದ ಅಳತೆ) ಬದಲಾಗದ ನೀರು, ಸೇರಿಸಿ. ಮಲೇರಿಯಾಕ್ಕೆ ಪಿಎಚ್ 7.2 ಒಳ್ಳೆಯದು. ಮೇಲೆ ಲೋಹದಂತೆ ಮಿನುಗುವ ಪೊರೆ ಕಟ್ಟುತ್ತದೆ. ಹತ್ತು ನಿಮಿಷದ ನಂತರ ಬಣ್ಣವನ್ನು ಚೆಲ್ಲದೆ, ನೀರು ಹಾಯಿಸಿ ಆ ಪೊರೆಯನ್ನು ತೇಲಿಸಿಬಿಡಿ. ಮೊದಲೇ ಚೆಲ್ಲಿದರೆ ಪೊರೆ ಕೂತು ಸ್ಲೈಡ್ ಕೆಡುತ್ತದೆ.

ತುಳುನಾಡಿನ ಜಡಿಮಳೆಯ ಆಟಿ ತಿಂಗಳಲ್ಲಿ ಇಷ್ಟೇ ಸಾಲದು. ಒಂದು ಜುಲೈಯಲ್ಲಿ ನಾನು ಲೀಶ್ಮನ್ ಸೀಸೆಯ ಮುಚ್ಚಳ ಹಾಕುವುದನ್ನು ಮರೆತೆ. ಮೆಥನಾಲ್ ಗಾಳಿಯ ತೇವವನ್ನು ಹೀರಿತ್ತು. ಮರುದಿನ ಕೆಂಪುಕಣಗಳ ಒಳಗೆಲ್ಲ ಹೊಳೆಯುವ ತೂತುಗಳು! ಹೊಸ ಕಣ್ಣಿಗೆ ಅವು ಎಳೆಯ ಪರಾವಲಂಬಿಯ ಉಂಗುರದಂತೆಯೇ ಕಾಣುತ್ತವೆ. ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿ: ತೂತು ಮಿನುಗುತ್ತದೆ, ಪರಾವಲಂಬಿ ಮಿನುಗುವುದಿಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಪರಾವಲಂಬಿಯ ನಿಜವಾದ ಉಂಗುರ ನೀಲಿ, ಅದರ ಅಂಚಿನಲ್ಲೊಂದು ಕೆಂಪು ಚುಕ್ಕೆ, ಬೆಳೆದಂತೆ ಸುತ್ತಲಿನ ಕಣವೂ ಉಬ್ಬುತ್ತದೆ. ಅಂದಿನಿಂದ ಬಣ್ಣವನ್ನು ಸಣ್ಣ ಸೀಸೆಗಳಿಗೆ ಹಂಚಿಡುತ್ತೇನೆ, ಸ್ಮಿಯರನ್ನು ಫ್ಯಾನಿನಡಿ ಪೂರ್ತಿ ಒಣಗಿಸುತ್ತೇನೆ.

ದಪ್ಪ ಸ್ಮಿಯರಿನಲ್ಲಿ ನೂರು ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವ ವೃತ್ತ) ಆದರೂ ನೋಡದೆ ನೆಗೆಟಿವ್ ಎಂದು ಬರೆಯಬೇಡಿ. ಬೆಂಚಿನಲ್ಲಿ ಎಷ್ಟೇ ಜನ ಕಾಯುತ್ತಿರಲಿ.