ಹೆಸರಲ್ಲೇ ಇದೆ ಪಾಠ: ಯೂನಿಸೈಕಲ್ ಟ್ರಿಕ್ ಕಲಿಯುವುದು ಹೇಗೆ?

ಒಂಟಿ ಚಕ್ರದ ಸೈಕಲ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸರ್ಕಸ್. ಆದರೆ ಯೂನಿಸೈಕಲ್‌ಗೆ 1982ರಿಂದಲೇ ಅಂತರರಾಷ್ಟ್ರೀಯ ಒಕ್ಕೂಟ ಇದೆ. ‘ಯೂನಿಕಾನ್’ ಎಂಬ ವಿಶ್ವ ಚಾಂಪಿಯನ್‌ಷಿಪ್ 1984ರಲ್ಲಿ ಶುರುವಾಯಿತು. ಅಲ್ಲಿ ಒಳಾಂಗಣದ ನೆಲದ ಮೇಲೆ, ಹಾಡಿಗೆ ತಕ್ಕಂತೆ ಒಬ್ಬರೇ, ಜೋಡಿಯಾಗಿ ಅಥವಾ ತಂಡವಾಗಿ ಕಸರತ್ತು ತೋರಿಸುವ ವಿಭಾಗವೇ ಫ್ರೀಸ್ಟೈಲ್. ಈ ಆಟದಲ್ಲಿ ಜಪಾನಿನವರದು ಎತ್ತಿದ ಕೈ. ಅಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳ ಅಂಗಳದಲ್ಲೇ ಮಕ್ಕಳಿಗೆ ಯೂನಿಸೈಕಲ್ ಸಿಗುತ್ತದೆ.

ಈ ಲೇಖನ, ಆಗಲೇ ಒಂದಿಷ್ಟು ಓಡಿಸಲು ಬರುವವರಿಗೆ. ಒಕ್ಕೂಟದ ಕಲಿಕೆಯ ಲೆವೆಲ್‌ಗಳು ಹತ್ತು. ಯಾರ ಸಹಾಯವೂ ಇಲ್ಲದೆ ಹತ್ತಿ 50 ಮೀಟರ್ ಓಡಿಸಿ, ಬೀಳದೆ ಇಳಿಯುವುದು ಮೊದಲ ಲೆವೆಲ್. ಅಷ್ಟು ಬಂದರೆ ಸಾಕು, ಟ್ರಿಕ್‌ಗೆ ಕೈ ಹಾಕಬಹುದು.

ಮೊದಲು ಹೆಸರು ಓದಲು ಕಲಿಯಿರಿ

ಹೊಸಬರು ಸಾಮಾನ್ಯವಾಗಿ ಯಾವುದೋ ವಿಡಿಯೊ ನೋಡಿ ಅದನ್ನೇ ಮಾಡಲು ಹೊರಡುತ್ತಾರೆ. ವಾರಗಟ್ಟಲೆ ಬಿದ್ದು, ಬೇಸತ್ತು ಬಿಟ್ಟುಬಿಡುತ್ತಾರೆ. ಆ ಟ್ರಿಕ್‌ನ ಹೆಸರನ್ನು ಸರಿಯಾಗಿ ಓದಿದ್ದರೆ ಮುಂಚೆ ಏನೇನು ಕಲಿಯಬೇಕಿತ್ತು ಅಂತ ಗೊತ್ತಾಗುತ್ತಿತ್ತು. ನಮ್ಮಲ್ಲಿ ಊರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲ ಸೇರಿ ಒಬ್ಬರ ಪೂರ್ತಿ ಹೆಸರಾಗುತ್ತದಲ್ಲ, ಟ್ರಿಕ್‌ಗಳ ಹೆಸರೂ ಹಾಗೆಯೇ, ತುಂಡು ತುಂಡು ಸೇರಿ ಆಗಿರುತ್ತದೆ.

ಹೆಸರು ಕಂಡ ಕೂಡಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸೀಟು ಎಲ್ಲಿದೆ? ಕಾಲು ಎಲ್ಲಿದೆ? ಯಾವ ದಿಕ್ಕಿಗೆ ಹೋಗಬೇಕು? ತಿರುವು ಎಷ್ಟು? ‘ಸೀಟ್ ಇನ್ ಫ್ರಂಟ್ ಒನ್ ಫುಟ್ ಬ್ಯಾಕ್‌ವರ್ಡ್’ ಅಂದರೆ ಸೀಟು ಮುಂದೆ ಕೈಯಲ್ಲಿ, ಒಂದೇ ಕಾಲು ಪೆಡಲ್ ಮೇಲೆ, ಹಿಮ್ಮುಖ ಓಟ. ಇಲ್ಲಿ ಮೂರು ಟ್ರಿಕ್ ಇವೆ. ಒಂದೊಂದೂ ಬಿಡಿಯಾಗಿ ಬಂದಮೇಲೆ ಎರಡೆರಡು ಸೇರಿಸಿ, ಆಮೇಲೆ ಮೂರನ್ನೂ. ನೇರವಾಗಿ ಮೂರಕ್ಕೂ ಕೈ ಹಾಕಿದರೆ ಎಲ್ಲಿ ತಪ್ಪಾಗುತ್ತಿದೆ ಎಂದೇ ತಿಳಿಯುವುದಿಲ್ಲ.

ಕೆಲವು ಹೆಸರುಗಳು ಹತ್ತಿರ ಹತ್ತಿರ ಇದ್ದು ಗೊಂದಲ ಮಾಡುತ್ತವೆ. ಗ್ಲೈಡಿಂಗ್ ಮತ್ತು ಕೋಸ್ಟಿಂಗ್ ತೆಗೆದುಕೊಳ್ಳಿ. ಎರಡರಲ್ಲೂ ಪೆಡಲ್ ತುಳಿಯುವುದಿಲ್ಲ, ಚಕ್ರ ತಾನಾಗಿ ಉರುಳುತ್ತದೆ. ಗ್ಲೈಡಿಂಗ್‌ನಲ್ಲಿ ಒಂದು ಪಾದ ಟೈರಿನ ಮೇಲೆ ಹಗುರವಾಗಿ ಒರೆಸುತ್ತಾ ಬ್ರೇಕ್‌ನ ಕೆಲಸ ಮಾಡುತ್ತದೆ. ಕೋಸ್ಟಿಂಗ್‌ನಲ್ಲಿ ಪಾದ ಟೈರನ್ನೂ ಪೆಡಲನ್ನೂ ಮುಟ್ಟುವ ಹಾಗಿಲ್ಲ, ಬರೀ ಮೈ ಮತ್ತು ಕೈಯ ಸಮತೋಲನ. ನೋಡಲು ಎರಡೂ ಒಂದೇ ಥರ, ಅಲ್ವಾ? ಆದರೆ ಕೋಸ್ಟಿಂಗ್ ಫ್ರೀಸ್ಟೈಲ್‌ನ ಅತಿ ಕಷ್ಟದ ಟ್ರಿಕ್‌ಗಳಲ್ಲಿ ಒಂದು.

ಸಾಮಾನು

20 ಇಂಚಿನ ಚಕ್ರ ಸಾಕು. ಫೋರ್ಕ್‌ನ ತಲೆ, ಅಂದರೆ ಟೈರಿನ ಮೇಲೆ ಫ್ರೇಮ್ ಕವಲೊಡೆಯುವ ಜಾಗ, ಚಪ್ಪಟೆಯಾಗಿರಲಿ. ಬಿಡುವಿರುವ ಪಾದವನ್ನು ಅದರ ಮೇಲೇ ಇಡಬೇಕು. ದುಂಡಗಿದ್ದರೆ ಪಾದ ಜಾರುತ್ತದೆ. ಹೆಲ್ಮೆಟ್, ಮಂಡಿ ಪ್ಯಾಡ್, ಮಣಿಕಟ್ಟಿನ ಗಾರ್ಡ್ ಇಲ್ಲದೆ ಶುರು ಮಾಡಬೇಡಿ. ಶೂ ಲೇಸನ್ನು ಒಳಗೆ ಸಿಕ್ಕಿಸಿ, ಕ್ರ್ಯಾಂಕ್‌ಗೆ, ಅಂದರೆ ಪೆಡಲ್ ಕೂರುವ ದಂಡಕ್ಕೆ, ಸುತ್ತಿಕೊಂಡರೆ ಬೀಳುವುದು ಖಂಡಿತ. ಷಟಲ್ ಕೋರ್ಟಿನಂಥ ನುಣುಪು ನೆಲ ಚೆನ್ನ. ಆದರೆ ಕಪ್ಪು ಟೈರು ಗೆರೆ ಬೀಳಿಸುತ್ತದೆ, ಮೊದಲೇ ಕೇಳಿ ಅನುಮತಿ ಪಡೆಯಿರಿ.

ಹಂತ 1: ಐಡ್ಲಿಂಗ್

ನಿಂತಲ್ಲೇ ಚಕ್ರವನ್ನು ಹಿಂದೆ ಮುಂದೆ ಆಡಿಸುವುದು ಐಡ್ಲಿಂಗ್. ಗೋಡೆ ಅಥವಾ ಕಂಬ ಹಿಡಿದುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ. ಆ ಕಾಲೇ ಕೆಲಸ ಮಾಡುವ ಕಾಲು. ಮೇಲಿನ ಕಾಲು ಸುಮ್ನೆ ಪೆಡಲ್ ಜೊತೆ ಹೋಗಲಿ, ಒತ್ತಬೇಡಿ. ಕೆಳಗಿನ ಪೆಡಲ್ ಸ್ವಲ್ಪ ಮುಂದೆ ಹೋಗಿ, ವಾಪಸ್ ಬಂದು, ಅಷ್ಟೇ ಹಿಂದಕ್ಕೂ ಹೋಗಬೇಕು. ಸೊಂಟದ ಮೇಲಿನ ಮೈ ಅಲುಗಬಾರದು, ಚಕ್ರ ಮಾತ್ರ ನಿಮ್ಮ ಕೆಳಗೆ ಓಡಾಡಬೇಕು. ಒಂದು ಕಾಲಲ್ಲಿ ಬಂದಮೇಲೆ ಇನ್ನೊಂದು ಕಾಲಲ್ಲೂ ಅಭ್ಯಾಸ ಮಾಡಿ.

ಹಂತ 2: ಒಂದೇ ಕಾಲು

ಐಡ್ಲಿಂಗ್ ಮಾಡುತ್ತಲೇ ಮೇಲಿನ ಕಾಲನ್ನು ಎತ್ತಿ ಫೋರ್ಕ್ ತಲೆಯ ಮೇಲಿಡಿ. ಇದು ಬಂದರೆ ಒಂದೇ ಕಾಲಲ್ಲಿ ಓಡಿಸುವುದು ದೂರವಿಲ್ಲ. ಅಲ್ಲಿ ಎಲ್ಲರೂ ಸಿಕ್ಕಿಬೀಳುವುದು ಪೆಡಲ್ ಮೇಲೆ ಬರುವಾಗ. ಗೊತ್ತಿಲ್ಲದೆಯೇ ಕಾಲು ಒತ್ತಿ ಹಿಡಿಯುತ್ತದೆ, ಚಕ್ರ ನಿಂತುಬಿಡುತ್ತದೆ. ಕೆಳಗೆ ಹೋಗುವಾಗ ಜೋರಾಗಿ ಒತ್ತಿ, ಮೇಲೆ ಬರುವಾಗ ಕಾಲನ್ನು ಪೂರ್ತಿ ಸಡಿಲ ಬಿಡಿ.

ಹಂತ 3: ವೀಲ್ ವಾಕ್

ನನ್ನ ಮಟ್ಟಿಗೆ ಫ್ರೀಸ್ಟೈಲ್‌ನ ನಿಜವಾದ ಬಾಗಿಲು ಇದು. ಪೆಡಲ್ ಬಿಟ್ಟು, ಎರಡೂ ಪಾದಗಳನ್ನು ಟೈರಿನ ಮೇಲಿಟ್ಟು, ಪಾದದಿಂದಲೇ ಚಕ್ರ ಉರುಳಿಸುವುದು. ಒನ್ ಫುಟ್ ವೀಲ್ ವಾಕ್, ಗ್ಲೈಡಿಂಗ್, ಆಮೇಲೆ ಕೋಸ್ಟಿಂಗ್‌ವರೆಗಿನ ದಾರಿ ಎಲ್ಲವೂ ಇಲ್ಲಿಂದಲೇ ಹೊರಡುತ್ತದೆ.

ಗೋಡೆ ಹಿಡಿದು ಸೀಟಿನ ಮೇಲೆ ಗಟ್ಟಿಯಾಗಿ ಕೂರಿ. ಪೆಡಲ್ ಆಸರೆ ಇಲ್ಲದ ಕಾರಣ ಮೈಭಾರ ಪೂರ್ತಿ ಸೀಟಿನ ಮೇಲೇ ಇರಬೇಕು. ಒಂದು ಪಾದವನ್ನು ಫೋರ್ಕ್‌ನ ಮುಂದೆ ಟೈರಿನ ಮೇಲಿಡಿ, ಆಮೇಲೆ ಇನ್ನೊಂದನ್ನು. ಒಂದು ಪಾದ ಟೈರನ್ನು ಮುಂದಕ್ಕೆ ತಳ್ಳುತ್ತದೆ. ಅದು ಮುಗಿಯುವ ಮುಂಚೆಯೇ ಇನ್ನೊಂದು ಫೋರ್ಕ್‌ನ ಹತ್ತಿರ ಬಂದು ಟೈರನ್ನು ಹಿಡಿದಿರಬೇಕು. ಯಾವ ಕ್ಷಣದಲ್ಲೂ ಒಂದು ಪಾದವಾದರೂ ಟೈರಿನ ಮೇಲಿರಬೇಕು. ಎರಡೂ ಎತ್ತಿದಿರೋ, ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಹೆಜ್ಜೆ ಚಿಕ್ಕದಿರಲಿ. ಉದ್ದ ತಳ್ಳಿದರೆ ಚಕ್ರ ಮುಂದೋಡಿ ನೀವು ಹಿಂದಕ್ಕೆ ಬೀಳುತ್ತೀರಿ. ಮೈ ಮುಂದಕ್ಕೆ ವಾಲಿದರೆ ಬೇಗ ಬೇಗ ತಳ್ಳಿ, ಹಿಂದಕ್ಕೆ ವಾಲಿದರೆ ಪಾದವನ್ನು ಟೈರಿಗೆ ಒತ್ತಿ ನಿಧಾನಿಸಿ. ಕಣ್ಣು ಪಾದದ ಮೇಲಲ್ಲ, ನಾಲ್ಕಾರು ಮಾರು ಮುಂದೆ.

ಗೋಡೆ ಬಿಟ್ಟು ಕೆಲವು ಹೆಜ್ಜೆ ಹೋಗಲು ಬಂದಮೇಲೆ, ನಿಧಾನವಾಗಿ ಪೆಡಲ್ ತುಳಿಯುತ್ತಾ ಒಂದೊಂದೇ ಪಾದವನ್ನು ಟೈರಿಗೆ ತರುವುದನ್ನು ಕಲಿಯಿರಿ. ವೀಲ್ ವಾಕ್‌ಗಿಂತ ಈ ಬದಲಾವಣೆಗೇ ಜಾಸ್ತಿ ದಿನ ಬೇಕಾಗಬಹುದು. ಅವಸರ ಬೇಡ.

ಹಂತ 4: ಯೂನಿಸ್ಪಿನ್

ಇಲ್ಲಿಂದ ನೆಗೆತದ ಟ್ರಿಕ್‌ಗಳು. ಇವುಗಳ ತವರು ಸ್ಟ್ರೀಟ್ (ಮೆಟ್ಟಿಲು, ಕಂಬಿಗಳಂಥವುಗಳ ಮೇಲೆ ಆಡುವುದು) ಮತ್ತು ಫ್ಲಾಟ್‌ಲ್ಯಾಂಡ್ (ಸಮತಟ್ಟು ನೆಲದ ಮೇಲೆ ಆಡುವುದು) ವಿಭಾಗ. ಸೀಟು ಹಿಡಿದು ನೆಗೆದು, ನೀವು ಅದೇ ದಿಕ್ಕಿಗೆ ಮುಖ ಮಾಡಿರುವಾಗ ಸೈಕಲ್ಲನ್ನು ಮಾತ್ರ ಕೆಳಗೆ ತಿರುಗಿಸಿ ಮತ್ತೆ ಪೆಡಲ್ ಮೇಲೆ ಇಳಿಯುವುದು ಯೂನಿಸ್ಪಿನ್. ನೀವೂ ಸೈಕಲ್ಲೂ ಒಟ್ಟಿಗೆ ತಿರುಗಿದರೆ ಅದು ಹಾಪ್ ಟ್ವಿಸ್ಟ್. ಮೊದಲು 180 ಡಿಗ್ರಿ ತಿರುಗಿಸಿ ನೆಲದ ಮೇಲೇ ಇಳಿಯಿರಿ. ಆಮೇಲೆ ಎರಡೂ ಪಾದ ಟೈರಿನ ಮೇಲೆ. ಕೊನೆಗೆ ಪೆಡಲ್ ಮೇಲೆ.

180 ಮಾಡಿದಾಗ ಸೀಟು ಹಿಂದುಮುಂದಾಗುತ್ತದೆ, ಎಡ ಪೆಡಲ್ ಬಲಗಾಲಿಗೆ ಬರುತ್ತದೆ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುವುದರಿಂದ, ಹಾಗೇ ಜಾಸ್ತಿ ಹೊತ್ತು ಮುಂದಕ್ಕೆ ಓಡಿಸಿದರೆ ಪೆಡಲ್ ಸಡಿಲವಾಗುತ್ತದೆ. ಪ್ರತಿ ಸಲ ಅಭ್ಯಾಸಕ್ಕೆ ಮುಂಚೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ.

ನೆಗೆದು, ಕಾಲಲ್ಲಿ ಪೆಡಲನ್ನು ಒದ್ದು ಕ್ರ್ಯಾಂಕ್ ಒಂದು ಸುತ್ತು ಸುತ್ತಿಸಿ ಮತ್ತೆ ಪೆಡಲ್ ಹಿಡಿಯುವುದು ಕ್ರ್ಯಾಂಕ್‌ಫ್ಲಿಪ್. 360 ಯೂನಿಸ್ಪಿನ್ ಜೊತೆ ಇದನ್ನು ಸೇರಿಸಿದರೆ ಟ್ರೇಫ್ಲಿಪ್, 540 ಜೊತೆ ಸೇರಿಸಿದರೆ ಫಿಫ್ತ್‌ಫ್ಲಿಪ್. ಸ್ಕೇಟ್‌ಬೋರ್ಡ್‌ನವರ ‘ಟ್ರೇ ಫ್ಲಿಪ್’ ಗೊತ್ತಿದ್ದವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ.

ನಿಮ್ಮದೇ ಟ್ರಿಕ್‌ಗೆ ಹೆಸರಿಡುವಾಗ

ಹೊಸದೇನೋ ಹೊಳೆಯಿತು ಅನ್ನಿ. ಮೊದಲು ಅದನ್ನು ಇರುವ ಪದಗಳಲ್ಲೇ ಹೇಳಿ ನೋಡಿ: ಸೀಟು, ಕಾಲು, ದಿಕ್ಕು, ತಿರುವು. ಪೂರ್ತಿ ಹೇಳಲು ಆದರೆ ಅದೇ ಅದರ ಹೆಸರು. ಉದ್ದವಾಯಿತೆಂದು ಬೇಸರ ಬೇಡ, ಕೇಳಿದವರು ಕೂಡಲೇ ಮಾಡಿ ನೋಡಬಹುದು. ಯಾವ ಪದಕ್ಕೂ ಸಿಗದ ಚಲನೆ ಇದ್ದರೆ ಮಾತ್ರ ಹೊಸ ಹೆಸರಿಡಿ. ವಿಡಿಯೊ ಹಾಕುವಾಗ ಆ ಹೆಸರಿನ ಕೆಳಗೆ ಬಿಡಿಸಿದ ವಿವರಣೆಯನ್ನೂ ಬರೆಯಿರಿ. ಮೈಸೂರಲ್ಲೋ ಮ್ಯೂನಿಕ್‌ನಲ್ಲೋ ಇನ್ನೊಬ್ಬರು ಅದನ್ನು ಓದಿಯೇ ಕಲಿಯಲು ಶುರು ಮಾಡಬಹುದು.