ಅಮೆರಿಕದ ನಡುರಾತ್ರಿ ಶೋನ ಟಿಫನ್ ಟೈಮಲ್ಲಿ ನೋಡೋದು ಹೆಂಗೆ (ಬರ್ನಿ ಸ್ಯಾಂಡರ್ಸ್ ಬಂದಿರೋದು)

ಅಮೆರಿಕದ ಕಾಮಿಡಿಯನ್ ಸ್ಟೀಫನ್ ಕೋಲ್ಬರ್ಟ್ ಶೋಗೆ ಅಲ್ಲಿನ ರಾಜಕಾರಣಿ ಬರ್ನಿ ಸ್ಯಾಂಡರ್ಸ್ ಬಂದಿರೋ ವಿಡಿಯೋ ಲಿಂಕ್ ಹಾಕಿದ್ರೆ ನಮ್ಮ ಬಾಗೇಪಲ್ಲಿ ಹುಡುಗ್ರು ಎರಡು ನಿಮಿಷ ನೋಡಿ "ಏನ್ ಗುರು, ಜನ ಯಾಕ್ ನಗ್ತಾವ್ರೆ ಅಂತಾನೇ ಗೊತ್ತಾಗ್ಲಿಲ್ಲ" ಅಂತ ಬಿಟ್ಟಾಕ್ತಾರೆ, ಅವರಿಗೋಸ್ಕರ ಇದು.

ನಿದ್ದೆ ಕೆಡೋದೇನಿಲ್ಲ. ಸಿಬಿಎಸ್‌ನಲ್ಲಿ ನ್ಯೂಯಾರ್ಕ್ ಟೈಮ್ ರಾತ್ರಿ 11:35ಕ್ಕೆ ಬರ್ತಿದ್ದ ಶೋ ಅದು, ನಮಗೆ ಮಾರನೇ ದಿನ ಬೆಳಿಗ್ಗೆ 9:05, ಅವರ ಚಳಿಗಾಲದಲ್ಲಿ 10:05. 2026ರ ಮೇ ತಿಂಗಳಿಗೆ ಶೋ ಮುಗಿಸ್ತೀವಿ ಅಂತ ಚಾನೆಲ್‌ನವರು 2025ರ ಜುಲೈನಲ್ಲೇ ಹೇಳಿದ್ರು, ಆದ್ರೆ ಹಳೇ ಕ್ಲಿಪ್ಸ್ ಯೂಟ್ಯೂಬಲ್ಲಿ ಬೇಕಾದಷ್ಟು ಐತೆ. ಇಂಗ್ಲಿಷ್ ಕ್ಯಾಪ್ಷನ್ ಆನ್ ಮಾಡಿ, ಸ್ಪೀಡ್ 0.75ಕ್ಕೆ ಇಳಿಸಿ. ಕನ್ನಡ ಆಟೋ ಟ್ರಾನ್ಸ್‌ಲೇಟ್ ಮಾತ್ರ ಬೇಡ್ವೇ ಬೇಡ, ಜೋಕ್ ಅಲ್ಲೇ ಸತ್ತೋಗತ್ತೆ.

ಶುರುನಲ್ಲಿ ಕೋಲ್ಬರ್ಟ್ ನಿಂತ್ಕೊಂಡು ಹೊಡೆಯೋ ಡೈಲಾಗೆಲ್ಲ ಅವತ್ತಿನ ನ್ಯೂಸ್ ಮೇಲೆ, ನ್ಯೂಸ್ ಗೊತ್ತಿಲ್ಲ ಅಂದ್ರೆ ಸೀದಾ ಗೆಸ್ಟ್ ಭಾಗಕ್ಕೆ ಹೋಗಿ.

ಈಗ ಮುಖ್ಯವಾದ್ದು, ಈ ಮುದುಕಪ್ಪ ಬರ್ನಿ ಯಾರು ಅಂತ ತಿಳ್ಕೊಂಡೇ ಕೂತ್ಕೊಳ್ಳಿ. 1941ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, 1981ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿಗೆ ಬರೀ 10 ವೋಟಿನ ಅಂತರದಲ್ಲಿ ಮೇಯರ್ ಆದ್ರು (ನಮ್ಮ ಗ್ರಾಮ ಪಂಚಾಯ್ತಿ ಎಲೆಕ್ಷನ್ ನೋಡಿರೋರಿಗೆ ಆ ರಾತ್ರಿ ಹೆಂಗಿತ್ತು ಅಂತ ಹೇಳ್ಬೇಕಾಗಿಲ್ಲ), 2007ರಿಂದ ಸೆನೆಟರ್ (ಅಲ್ಲಿನ ಪಾರ್ಲಿಮೆಂಟಿನ ಮೇಲ್ಮನೆ ಮೆಂಬರ್), ಯಾವ ಪಾರ್ಟಿಗೂ ಸೇರದ ಇಂಡಿಪೆಂಡೆಂಟು, ಆದ್ರೂ 2016 ಮತ್ತೆ 2020ರಲ್ಲಿ ಪ್ರೆಸಿಡೆಂಟ್ ಎಲೆಕ್ಷನ್ನಿನ ಡೆಮಾಕ್ರಟಿಕ್ ಪಾರ್ಟಿ ಟಿಕೆಟ್ಟಿಗೆ ನಿಂತು ಸೋತ್ರು. ತಾನು ಡೆಮಾಕ್ರಟಿಕ್ ಸೋಶಿಯಲಿಸ್ಟ್ ಅಂತ ಓಪನ್ನಾಗೇ ಹೇಳ್ಕೋತಾರೆ. ಅಲ್ಲಿ ಅರ್ಧ ಜನಕ್ಕೆ ಸೋಶಿಯಲಿಸ್ಟ್ ಅಂದ್ರೇನೇ ಎದೆ ಝಲ್ ಅನ್ನತ್ತೆ, ಎಷ್ಟೋ ಜೋಕು ನಿಂತಿರೋದು ಅದ್ರ ಮೇಲೇ. 1994ರಲ್ಲೂ 2004ರಲ್ಲೂ ಸಿಪಿಎಂನ ಶ್ರೀರಾಮರೆಡ್ಡಿಯವ್ರನ್ನ ಗೆಲ್ಲಿಸಿ ಕಳಿಸಿದ ಬಾಗೇಪಲ್ಲಿಯವರಿಗೆ ಇದ್ರಲ್ಲಿ ನಗೋಕೇನೈತೆ ಅನ್ಸೋದು ಸಹಜ.

ಇನ್ನೊಂದು, ಬರ್ನಿ ಜೋಕ್ ಹೊಡೆಯೋಕೆ ಬರೋದಿಲ್ಲ. ಕೋಲ್ಬರ್ಟ್ ಏನೇ ಕೀಟ್ಲೆ ಮಾಡ್ಲಿ, ಈವಯ್ಯ ಬೆರಳೆತ್ತಿ ಗಾಳೀಲಿ ಆಡಿಸ್ತಾ ಬಿಲಿಯನೇರ್‌ಗಳು, ಆಸ್ಪತ್ರೆ ಖರ್ಚು, ಕೂಲಿ ಅಂತ ತನ್ನ ಹಳೇ ಪಾಠಕ್ಕೇ ವಾಪಸ್. ಎಷ್ಟೋ ವರ್ಷದಿಂದ ಅದೇ ಮಾತು, ಜನ ನಗೋದೂ ಅದಕ್ಕೇ, ಚಪ್ಪಾಳೆ ತಟ್ಟೋದೂ ಅದಕ್ಕೇ. ಇದು ಬೇಗ ತಲೆಗೆ ಹತ್ಬೇಕು ಅಂದ್ರೆ ಸ್ಯಾಟರ್ಡೇ ನೈಟ್ ಲೈವ್ ಅನ್ನೋ ಕಾಮಿಡಿ ಶೋನಲ್ಲಿ ಕಾಮಿಡಿಯನ್ ಲ್ಯಾರಿ ಡೇವಿಡ್ ಇವರ ಥರಾನೇ ಕೈ ಬೀಸಿ ಕಿರುಚೋದನ್ನ ಮೊದ್ಲು ನೋಡ್ಬಿಡಿ, 2016ರ ಫೆಬ್ರವರೀಲಿ ಅಸಲಿ ಬರ್ನಿನೂ ಅಲ್ಲಿಗೆ ಬಂದು ಜೊತೇಲಿ ಆಕ್ಟ್ ಮಾಡಿದ್ರು.

ಒಂದ್ ಮಾತು, ಕೋಲ್ಬರ್ಟ್ ಇಂಥವರಿಗೆ ಗಟ್ಟಿ ಪ್ರಶ್ನೆ ಕೇಳೋದು ಕಮ್ಮಿ ಅಂತ ನನಗನ್ಸತ್ತೆ, ಹಾಲಲ್ಲಿ ಕೂತಿರೋರಲ್ಲೂ ಸುಮಾರು ಜನ ಅಭಿಮಾನಿಗಳೇ. ಹಂಗಾಗಿ ಅವರು ಹೇಳೋ ಅಂಕಿ ಅಂಶದಲ್ಲಿ ಒಂದನ್ನಾದ್ರೂ ಬರ್ಕೊಂಡು ಆಮೇಲೆ ಹುಡುಕಿ ನೋಡಿ, ಸ್ಟೇಟಸ್ಸಿಗೆ ಹಾಕೋದು ಆಮೇಲೆ.