ಬದನೆಕಾಯಿ–ಟೊಮೆಟೊ ಪಾಸ್ತಾ ಮಾಡುವ ಬಗೆ

ಇಟಲಿಯ ಸಿಸಿಲಿ ದ್ವೀಪದ ಕಟಾನಿಯಾ ನಗರದ ಹೆಸರುವಾಸಿಯಾದ ಈ ಅಡುಗೆಯನ್ನು ಮೈಸೂರಿನ ಮನೆಯಲ್ಲೂ ಸೊಗಸಾಗಿ ಮಾಡಬಹುದು. ಇಬ್ಬರಿಗೆ 200 ಗ್ರಾಂ ಪಾಸ್ತಾ, 300 ಗ್ರಾಂ ಬದನೆಕಾಯಿ, 400 ಗ್ರಾಂ ಟೊಮೆಟೊ ಸಾಕು. ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವಾಗ ತೊಟ್ಟು ಹಸಿರಾಗಿರುವ, ಒತ್ತಿದರೆ ಬಿಗಿಯಾಗಿರುವ ಎಳೆಯ ಕಾಯಿಗಳನ್ನೇ ಆರಿಸಿ. ಬಲಿತ ಕಾಯಿಯ ಬೀಜ ಕಹಿ ಬಿಡುತ್ತದೆ.

ಈ ಅಡುಗೆಯ ರುಚಿಯೆಲ್ಲ ಬದನೆಕಾಯಿಯನ್ನು ಹುರಿಯುವುದರಲ್ಲಿದೆ. ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಅವು ಬಿಟ್ಟ ಕಂದು ನೀರನ್ನು ಹಿಂಡಿ, ಬಟ್ಟೆಯಿಂದ ಒತ್ತಿ ಒರೆಸಿದ ಮೇಲೆ, ಅಗಲವಾದ ಬಾಣಲೆಯಲ್ಲಿ ಧಾರಾಳವಾಗಿ ಎಣ್ಣೆ ಕಾಯಿಸಿ, ಒಂದರ ಮೇಲೊಂದು ಬೀಳದಂತೆ ಹರಡಿ, ಅಂಚು ಕೆಂಪಗಾಗಿ ತಿರುಳು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಹುರಿಯಬೇಕು. ಎಲ್ಲವನ್ನೂ ಒಮ್ಮೆಗೇ ಸುರಿದರೆ ಅವು ಹುರಿಯುವ ಬದಲು ಹಬೆಯಲ್ಲಿ ಬೆಂದು ಮುದ್ದೆಯಾಗುತ್ತವೆ.

ಹೋಳುಗಳನ್ನು ತೆಗೆದು, ಉಳಿದ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಹೆಚ್ಚಿದ ಟೊಮೆಟೊ ಹಾಕಿ, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ನಾಟಿ ಟೊಮೆಟೊ ತೀರಾ ಹುಳಿಯೆನಿಸಿದರೆ ಚಿಟಿಕೆ ಬೆಲ್ಲ ಸೇರಿಸಿ.

2 ಲೀಟರ್ ನೀರಿಗೆ 20 ಗ್ರಾಂ ಉಪ್ಪು ಹಾಕಿ ಪಾಸ್ತಾ ಬೇಯಿಸಿ, ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ 1 ನಿಮಿಷ ಮೊದಲೇ ಬಸಿಯಿರಿ. ಬಸಿದ ನೀರಿನ ಗಂಜಿಯೇ ಟೊಮೆಟೊ ಗೊಜ್ಜನ್ನು ಪಾಸ್ತಾಕ್ಕೆ ಅಂಟಿಸುವುದರಿಂದ, ಅದರಲ್ಲಿ ಅರ್ಧ ಲೋಟವನ್ನು ಟೊಮೆಟೊಗೆ ಬೆರೆಸಿ, ಪಾಸ್ತಾ ಮತ್ತು ಬದನೆಕಾಯಿ ಕೂಡಿಸಿ ಒಂದು ನಿಮಿಷ ಕೈಯಾಡಿಸಿ. ತುಳಸಿಯ ಘಾಟು ಇದಕ್ಕೆ ಒಗ್ಗದು. ಕುಂಡದಲ್ಲಿ ಬೆಳೆದ ಕಾಮಕಸ್ತೂರಿಯ ನಾಲ್ಕು ಎಲೆ ಹರಿದು ಉದುರಿಸಿ, ಬಿಸಿಯಾಗಿಯೇ ಬಡಿಸಿ.